ಕಡತದ ಗೀಟುಗಳಿಗೂ ಅಕ್ಷರದ ಮಾನ ಬೇಕು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿದ್ವಾಂಸರು ನಡೆಸಿದ ಉತ್ಖನನದಿಂದ ಬೌದ್ಧ ನೆಲೆಯೊಂದು ಬೆಳಕಿಗೆ ಬಂದಿತು. ಅಲ್ಲಿ ದೊರೆತ ಮಣ್ಣಿನ ಪುಟ್ಟ ಬಿಲ್ಲೆಗಳಿಗೆ ಚರಿತ್ರೆಯಲ್ಲಿ ಮನ್ನಣೆ ಸಿಕ್ಕಿದ್ದು ಅವುಗಳ ಮೇಲಿನ ಅಕ್ಷರಮುದ್ರೆಯಿಂದ. ಇಂತಹ ಹಳ್ಳಿಗಳ ಶಾನುಭೋಗರು ಕಪ್ಪು ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆದಿಟ್ಟ ಲೆಕ್ಕದ ಗೀಟುಗಳಿಗೆ ಮಾತ್ರ ಆ ಭಾಗ್ಯ ಇನ್ನೂ ಒದಗಿಲ್ಲ.

ಆ ಗೀಟುಗಳ ಹಿಂದೆ ಅಚ್ಚುಕಟ್ಟಾದ ಗಣಿತವಿದೆ. ಕಾಲಿಗೆ ಒಂದು ನಿಲುಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಹದಿನಾರರಲ್ಲಿ ಒಂದು ಭಾಗವಾದ ವೀಸಕ್ಕೆ ಒಂದು ಅಡ್ಡ ಅಥವಾ ಓರೆ ಗೀಟು, ಎರಡು ವೀಸಕ್ಕೆ ಎರಡು, ಮೂರಕ್ಕೆ ಮೂರು. ನಾಲ್ಕು ವೀಸ ಸೇರಿದರೆ ಒಂದು ಹಾಗ, ನಾಲ್ಕು ಹಾಗ ಸೇರಿದರೆ ಒಂದು ಹಣ. ಹೀಗೆ ಆರೇ ಚಿಹ್ನೆಗಳಿಂದ ಹದಿನೈದು ವೀಸದವರೆಗಿನ ಯಾವ ಪಾಲನ್ನಾದರೂ ಬರೆಯಬಹುದು. ರೂಪಾಯಿಗೆ ಹದಿನಾರು ಆಣೆಯ ಲೆಕ್ಕಕ್ಕೂ ಇದೇ ಕ್ರಮ ಹೊಂದುತ್ತಿತ್ತು. 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ಈ ಗೀಟುಗಳು ಬಳಕೆಯಿಂದ ಜಾರಿದವು. ಗುಂಟೆಗೆ ಹದಿನಾರು ಆಣೆಯೆಂಬ ಎಣಿಕೆ ಮಾತ್ರ ಪಹಣಿಯಲ್ಲಿ ಇಂದಿಗೂ ಉಳಿದಿದೆ.

ಭಿನ್ನರಾಶಿ ಈ ನೆಲಕ್ಕೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟನು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ದಾನಶಾಸನಗಳಲ್ಲಿ ಹಾಗ, ವೀಸಗಳ ಉಲ್ಲೇಖ ಹೇರಳವಾಗಿದೆ.

ನೆರೆಯ ಲಿಪಿಗಳು ಈ ವಿಷಯದಲ್ಲಿ ಎಚ್ಚರ ವಹಿಸಿದವು. ಮಲಯಾಳಂನ ಕಾಲು, ಅರೆ, ಮುಕ್ಕಾಲುಗಳು 2008ರಲ್ಲಿ ಯುನಿಕೋಡ್ ಸೇರಿದವು. ನೂರರವತ್ತರಲ್ಲೊಂದು ಭಾಗದವರೆಗಿನ ಕಿರುಭಿನ್ನಗಳು ಸೇರಿ ಇನ್ನೂ ಹತ್ತು ಚಿಹ್ನೆಗಳು 2016ರಲ್ಲಿ ಬಂದವು. ತೆಲುಗಿಗೆ 2008ರಲ್ಲಿಯೇ ಏಳು ದೊರೆತವು. ತಮಿಳಿನ ಭಿನ್ನಚಿಹ್ನೆಗಳಿಗೆ 2019ರಲ್ಲಿ ಹೊಸ ವಿಭಾಗವೇ ತೆರೆಯಿತು.

ಹಾಗಾದರೆ ಕನ್ನಡಕ್ಕೆ ಅನ್ಯಾಯವಾಯಿತೇ? ಇಲ್ಲ. ಕನ್ನಡದ ಆರು ಚಿಹ್ನೆಗಳು 2009ರಿಂದಲೇ ಯುನಿಕೋಡ್‌ನಲ್ಲಿವೆ. ಆದರೆ ಅವು ಇರುವುದು ‘ಉತ್ತರ ಭಾರತೀಯ ಸಂಖ್ಯಾರೂಪಗಳು’ ಎಂಬ ವಿಭಾಗದಲ್ಲಿ, ಎ830ರಿಂದ ಎ835ರವರೆಗಿನ ಸ್ಥಾನಗಳಲ್ಲಿ. ಹೆಸರನ್ನು ಕಂಡು ಮುನಿಯಬೇಕಾದ ಕಾರಣವಿಲ್ಲ. ಕನ್ನಡ ಪದ್ಯದ ಕೊನೆಗೆ ಹಾಕುವ ದಂಡವೂ ದೇವನಾಗರಿ ವಿಭಾಗದಲ್ಲಿಯೇ ಇದೆ. ಅದರಿಂದ ಕನ್ನಡಕ್ಕೆ ಕುಂದುಂಟಾಗಿಲ್ಲ.

ಕುಂದು ಇರುವುದು ಬೇರೆಡೆ. ಕ.ಗ.ಪ. ಕೀಲಿಮಣೆ ವಿನ್ಯಾಸದಲ್ಲಿ ಈ ಚಿಹ್ನೆಗಳಿಗೆ ಕೀಲಿಯಿಲ್ಲ. ಇವುಗಳ ರೂಪವಿಲ್ಲದ ಅಕ್ಷರವಿನ್ಯಾಸದಲ್ಲಿ ಖಾಲಿ ಚೌಕವಷ್ಟೇ ಕಾಣುತ್ತದೆ. ಆಗ ಕಡತವನ್ನು ಗಣಕಕ್ಕೇರಿಸುವವನು ನಿಲುಗೀಟಿನ ಜಾಗದಲ್ಲಿ ದಂಡವನ್ನೋ ಒಂದರ ಅಂಕಿಯನ್ನೋ ಒತ್ತುತ್ತಾನೆ. ದಂಡವಾದರೆ ಎರಡೂವರೆ ಖಂಡುಗ ಬರಿಯ ಎರಡಾಗುತ್ತದೆ. ಅಂಕಿಯಾದರೆ ಇನ್ನೂರ ಹನ್ನೊಂದಾಗುತ್ತದೆ. ಕಣ್ಣಿಗೆ ಸಣ್ಣದೆನಿಸುವ ಈ ತಪ್ಪು ರೈತನ ಕಂದಾಯದ, ಗುಡಿಯ ಮಾನ್ಯದ, ಅಣ್ಣತಮ್ಮಂದಿರ ಹಿಸ್ಸೆಯ ಚರಿತ್ರೆಯನ್ನೇ ಕೆಡಿಸುತ್ತದೆ. ದಶಮಾಂಶದಲ್ಲಿ ಬರೆದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಸ್ಪಷ್ಟ: ಬೆಲೆಯನ್ನು ಅಡಿಟಿಪ್ಪಣಿಯಲ್ಲಿ ತಿಳಿಸಬಹುದು, ಮೂಲಪಾಠವನ್ನು ತಿದ್ದುವ ಅಧಿಕಾರ ಸಂಪಾದಕನಿಗಿಲ್ಲ.

ಆದುದರಿಂದ ಹೊಸ ಬೇಡಿಕೆಗಿಂತ ಮೊದಲು ಆಗಬೇಕಾದ ಕೆಲಸ ಮನೆಯಲ್ಲಿಯೇ ಇದೆ. ಕನ್ನಡದ ಅಕ್ಷರವಿನ್ಯಾಸಗಳೆಲ್ಲದರಲ್ಲಿ ಈ ಆರು ಗೀಟುಗಳಿರಬೇಕು. ಕೀಲಿಮಣೆಯಲ್ಲಿ ಅವಕ್ಕೆ ದಾರಿಯಾಗಬೇಕು. ಹಸ್ತಪ್ರತಿಶಾಸ್ತ್ರದ ಪಠ್ಯದಲ್ಲಿ ಕಡತದ ಲೆಕ್ಕ ಓದುವ ಪಾಠ ಸೇರಬೇಕು. ವೀಸಕ್ಕಿಂತ ಕಿರಿದಾದ ಭಾಗಗಳ ರೂಪಗಳು ಕಡತಗಳಲ್ಲಿ ಕಂಡರೆ, ಅವುಗಳ ಛಾಯಾಚಿತ್ರವೇ ಮುಂದಿನ ಮನವಿಗೆ ಆಧಾರವಾಗುತ್ತದೆ. ಅಟ್ಟದ ಕಡತಗಳನ್ನು ಗೆದ್ದಲು ಮುಟ್ಟುವ ಮೊದಲು, ಗೀಟನ್ನು ಓದಬಲ್ಲ ಹಿರಿಯರು ಇರುವಾಗಲೇ ಇದು ನಡೆಯಬೇಕು. ರಾಜಘಟ್ಟದ ಬಿಲ್ಲೆ ಮಣ್ಣಿನಡಿಯಲ್ಲಿ ಶತಮಾನಗಳ ಕಾಲ ಕಾದಿತ್ತು. ಬಟ್ಟೆಯ ಮೇಲಿನ ಬಳಪದ ಗೀಟು ಅಷ್ಟು ಕಾಲ ಕಾಯಲಾರದು.