ಐಸ್ ಮೇಲಿನ ಚಾಂಪಿಯನ್ ಮತ್ತು ರಿಂಕ್‌ನ ಕರೆಂಟ್ ಬಿಲ್ಲು

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಮಲಗಿದ್ದ ಉಮರ್ಗಾ, ನಿಲಂಗಾ ಭಾಗದ ಜನರನ್ನು ನಸುಕಿನಲ್ಲಿ ಎಬ್ಬಿಸಿದ್ದು ಕಿಲ್ಲಾರಿ ಭೂಕಂಪ. ಹಾಗಾಗಿ ಜಪಾನಿನ ಐಸ್ ಸ್ಕೇಟರ್ ಯುಜುರು ಹನ್ಯೂ ಕತೆಯನ್ನು ಈ ಗಡಿಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2011ರ ಮಾರ್ಚ್ 11ರಂದು 16 ವರ್ಷದ ಹನ್ಯೂ ತನ್ನೂರು ಸೆಂಡೈನ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ನೆಲ ನಡುಗಿತು. ಕಾಲಲ್ಲಿದ್ದ ಸ್ಕೇಟ್ ಸಮೇತ ಹೊರಗೆ ಓಡಿದ. ಕುಟುಂಬ ನಾಲ್ಕು ದಿನ ಆಶ್ರಯ ಕೇಂದ್ರದಲ್ಲಿ ಕಳೆಯಿತು. ರಿಂಕ್ ಮುಚ್ಚಿತು. ಅಭ್ಯಾಸಕ್ಕೆ ಜಾಗವಿಲ್ಲದೆ ಊರೂರು ತಿರುಗಿ ಸುಮಾರು 60 ಐಸ್ ಶೋಗಳಲ್ಲಿ ಪಾಲ್ಗೊಂಡ. ಅದೇ ಅವನ ತಾಲೀಮು. 2012ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು, 2014 ಮತ್ತು 2018ರಲ್ಲಿ ಒಲಿಂಪಿಕ್ ಚಿನ್ನ. ಪುರುಷರಲ್ಲಿ ಸತತ ಎರಡು ಚಿನ್ನ 1952ರ ನಂತರ ಬೇರೆ ಯಾರಿಗೂ ದಕ್ಕಿರಲಿಲ್ಲ.

ಇಷ್ಟೇ ಆಗಿದ್ದರೆ ಛಲದ ಕತೆಯೆಂದು ಚಪ್ಪಾಳೆ ತಟ್ಟಿ ಸುಮ್ಮನಾಗಬಹುದಿತ್ತು. ಆದರೆ ಅದೇ ರಿಂಕ್ 2004ರಲ್ಲೂ ಒಮ್ಮೆ ಮುಚ್ಚಿತ್ತು. ಆಗ ಭೂಕಂಪ ಇರಲಿಲ್ಲ, ದುಡ್ಡಿನ ಅಡಚಣೆ ಇತ್ತು. ಸೆಂಡೈನಲ್ಲೇ ಕಲಿತ ಶಿಝುಕಾ ಅರಕಾವಾ 2006ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೇಲೆ, 2007ರಲ್ಲಿ ಬಾಗಿಲು ತೆರೆಯಿತು. ಮುಂದೆ ಹನ್ಯೂ ತನ್ನ ಆತ್ಮಕತೆಯ ಗೌರವಧನವನ್ನು ಅದೇ ರಿಂಕ್‌ಗೆ ಕೊಟ್ಟ.

ಖರ್ಚು ಯಾಕಷ್ಟು? ಒಂದು ಕಾಲಕ್ಕೆ ಚಳಿದೇಶದವರು ಹೆಪ್ಪುಗಟ್ಟಿದ ಕೆರೆ, ಕಾಲುವೆಗಳ ಮೇಲೆ ಎಲುಬಿನ ಸ್ಕೇಟ್ ಕಟ್ಟಿಕೊಂಡು ಪುಕ್ಕಟೆ ಜಾರುತ್ತಿದ್ದರು. 1860ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಹೇನ್ಸ್ ಯುರೋಪಿಗೆ ಹೋಗಿ ಅದಕ್ಕೆ ಸಂಗೀತ, ನೃತ್ಯ ಬೆರೆಸಿದ. 1876ರಲ್ಲಿ ಲಂಡನ್‌ನಲ್ಲಿ ನೆಲದಡಿ ತಾಮ್ರದ ಕೊಳವೆ ಹಾಸಿ, ತಣ್ಣನೆಯ ದ್ರವ ಹರಿಸಿ, ಮೇಲಿನ ನೀರನ್ನು ಹೆಪ್ಪುಗಟ್ಟಿಸಿದರು. ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಅಲ್ಲಿಂದ ಈ ಆಟಕ್ಕೆ ಚಳಿಗಾಲ ಬೇಡವಾಯಿತು, ಯಂತ್ರ ಬೇಕಾಯಿತು. ಯಂತ್ರ ನಿಂತರೆ ಮೈದಾನವೇ ಕರಗಿ ನೀರು!

ಭಾರತದಲ್ಲೂ ಇದೇ ಪಾಡು. ಶಿಮ್ಲಾದಲ್ಲಿ 1920ರಿಂದ ಇರುವ ರಿಂಕ್ ಚಳಿಯನ್ನೇ ನಂಬಿ ಬಂದದ್ದು. ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ತಯಾರಾಗಿ, ಆಮೇಲೆ ವರ್ಷಗಟ್ಟಲೆ ಬೀಗ ಹಾಕಿಸಿಕೊಂಡು, 2025ರಲ್ಲಿ ಮತ್ತೆ ತೆರೆಯಿತು. ಉದ್ಘಾಟನೆಗೆ ಮಂತ್ರಿಗಳು ಸಿಗುತ್ತಾರೆ, ಕರೆಂಟ್ ಬಿಲ್ಲಿಗೆ ಯಾರೂ ಸಿಗುವುದಿಲ್ಲ. ರಿಂಕ್ ಮುಚ್ಚಿದ್ದ ಆ ವರ್ಷಗಳಲ್ಲಿ ಎಷ್ಟು ಮಕ್ಕಳ ಕಲಿಯುವ ವಯಸ್ಸು ದಾಟಿಹೋಯಿತೋ!

ಉಮರ್ಗಾ, ನಿಲಂಗಾ, ಉದಗೀರದ ಬಿಸಿಲಿಗೆ ಐಸ್ ರಿಂಕ್ ಕೇಳುವುದು ಹುಚ್ಚುತನ. ಆದರೆ ಚಕ್ರದ ಸ್ಕೇಟಿಂಗ್‌ಗೆ ಕಂಪ್ರೆಸರ್ ಬೇಡ, ನುಣುಪಾದ ಸಿಮೆಂಟ್ ನೆಲ ಸಾಕು. ಈ ಭಾಗದಂತೆಯೇ ಕನ್ನಡ, ಮರಾಠಿ ಎರಡೂ ಆಡುವ ಬೆಳಗಾವಿಯಲ್ಲಿ ಅಂಥ ನೆಲವೂ ಇದೆ, ಕಲಿಸುವವರೂ ಇದ್ದಾರೆ. ಅಲ್ಲಿನ ರೋಹನ್ ಕೋಕಣೆ 2011ರಲ್ಲಿ ಬರೀ 25 ಸೆಂ.ಮೀ. ಎತ್ತರದ ಪಟ್ಟಿಗಳ ಅಡಿಯಲ್ಲಿ 10 ಮೀಟರ್ ಜಾರಿ ಗಿನ್ನೆಸ್ ದಾಖಲೆ ಬರೆದ.

ಮಹಾರಾಷ್ಟ್ರ ಸರಕಾರಕ್ಕೆ ತಾಲೂಕು ಕ್ರೀಡಾ ಸಂಕುಲದ ಯೋಜನೆಯಿದೆ. ಕಬಡ್ಡಿ, ಖೋ ಖೋ ಅಂಗಳದ ಪಕ್ಕದಲ್ಲೇ ಇಂಥದೊಂದು ನೆಲ ಬೇಕೆಂದು ಪಾಲಕರು ಅರ್ಜಿ ಕೊಡಬಹುದು. ಕೊಡುವಾಗ ಕಟ್ಟಲು ಎಷ್ಟು ಎಂಬುದರ ಜತೆಗೆ, ವರ್ಷ ವರ್ಷ ದುರಸ್ತಿಗೆ ಎಷ್ಟು, ಕೋಚ್ ಪಗಾರಕ್ಕೆ ಎಷ್ಟು, ಕೊಡುವವರು ಯಾರು ಎಂಬುದನ್ನೂ ಕಾಗದದ ಮೇಲೆ ಬರೆಸಿಕೊಳ್ಳಬೇಕು.