ಮಳೆಗೆ ಮಾಪಕ ಇದೆ, ಬಸ್‌ಸ್ಟ್ಯಾಂಡ್ ಗಾಳಿಗೆ ಯಾಕಿಲ್ಲ?

ನಮ್ಮ ರಾಜ್ಯದಲ್ಲಿ ಮಳೆ ಅಳೆಯೋಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕಗಳಿವೆ. ನಿನ್ನೆ ನಿಮ್ಮ ಕಡೆ ಎಷ್ಟು ಮಿಲಿಮೀಟರ್ ಬಿತ್ತು ಅನ್ನೋದು ಬೆಂಗಳೂರಿನಲ್ಲಿ ಕೂತವರಿಗೂ ಗೊತ್ತಾಗುತ್ತೆ. ಆದರೆ ಸಂತೆ, ಆಸ್ಪತ್ರೆ, ಕಾಲೇಜು ಅಂತ ನಾವು ದಿನಾ ಹೋಗಿ ಇಳಿಯುವ ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಎಂಥ ಗಾಳಿ ಇದೆ ಅಂತ ಕೇಳಿ ನೋಡಿ. ಹೇಳುವವರು ಸಿಗೋದಿಲ್ಲ.

ಸರ್ಕಾರದ ಪೂರ್ಣ ಪ್ರಮಾಣದ ಮಾಪನ ಕೇಂದ್ರಕ್ಕೆ ಕೋಟಿ ರೂಪಾಯಿ ಲೆಕ್ಕದಲ್ಲಿ ಖರ್ಚು ಬರುತ್ತೆ. ಹಾಗಾಗಿ ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಇರೋದು ಒಂದೇ ಒಂದು. ಅದು ತಾನು ನಿಂತ ಜಾಗದ ಗಾಳಿಯನ್ನು ಹೇಳುತ್ತೆ. ಹೆದ್ದಾರಿ ಪಕ್ಕದ ಶಾಲೆಯದ್ದನ್ನಲ್ಲ, ಕಸಕ್ಕೆ ಬೆಂಕಿ ಹಚ್ಚುವ ಗಲ್ಲಿಯದ್ದನ್ನಲ್ಲ. ತಾಲ್ಲೂಕು ಪಟ್ಟಣಗಳ ಕಥೆ ಕೇಳಲೇಬೇಡಿ.

ಅದಕ್ಕಿಂತ ತುಂಬಾ ಅಗ್ಗಕ್ಕೆ ಸಿಗುವ ಸೆನ್ಸರ್‌ಗಳನ್ನು ಹಾಕಬಹುದಲ್ಲ ಅಂದರೆ ಬರುವ ಉತ್ತರ: ‘ಅವು ನಿಖರ ಅಲ್ಲ.’

ನಿಜ, ಅವಕ್ಕೆ ಮಿತಿ ಇದೆ. ಡಬ್ಬಿಯೊಳಗಿನ ಪುಟ್ಟ ಫ್ಯಾನು ಗಾಳಿ ಎಳೆದುಕೊಳ್ಳುತ್ತೆ. ಅದರ ಮೇಲೆ ಲೇಸರ್ ಬೆಳಕು ಬೀಳುತ್ತೆ. ಕಣಗಳಿಗೆ ತಾಗಿ ಚದುರಿದ ಬೆಳಕಿನಿಂದ ಧೂಳು ಎಷ್ಟಿದೆ ಅಂತ ಅಂದಾಜು ಮಾಡುತ್ತೆ. ತೇವ ಹೆಚ್ಚಿದ್ದರೆ ಕಣ ಉಬ್ಬಿ, ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ರಸ್ತೆಯ ದಪ್ಪ ಧೂಳನ್ನು ಸರಿಯಾಗಿ ಹಿಡಿಯಲ್ಲ. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಅನ್ನುವ ಸಣ್ಣ ಕಣಕ್ಕೆ ಇದು ಕೆಲಸಕ್ಕೆ ಬರುತ್ತೆ. ಮೊದಲು ಕೆಲವು ವಾರ ಸರ್ಕಾರಿ ಯಂತ್ರದ ಪಕ್ಕದಲ್ಲೇ ಇಟ್ಟು, ಎಷ್ಟು ಹೆಚ್ಚುಕಡಿಮೆ ತೋರಿಸುತ್ತೆ ಅಂತ ನೋಡಿ, ಆ ವ್ಯತ್ಯಾಸ ಸರಿಪಡಿಸಬೇಕು. ತಕ್ಕಡಿಗೆ ಇಲಾಖೆಯವರು ಮುದ್ರೆ ಹಾಕಲ್ವಾ, ಹಾಗೆ. ತಕ್ಕಡಿ ತಪ್ಪು ತೋರಿಸಬಹುದು ಅಂತ ಯಾರೂ ಕಣ್ಣಳತೆಯಲ್ಲಿ ಹತ್ತಿ ಮಾರಲ್ಲ.

ಬಿಹಾರ, ಉತ್ತರ ಪ್ರದೇಶದಲ್ಲಿ ಐಐಟಿ ಕಾನ್ಪುರದವರು ಬ್ಲಾಕ್ ಮಟ್ಟದಲ್ಲೇ ಇಂಥ ಸೆನ್ಸರ್ ಹಾಕಿದ್ದಾರೆ. ಬ್ಲಾಕ್ ಅಂದರೆ ನಮ್ಮ ತಾಲ್ಲೂಕಿಗೂ ಚಿಕ್ಕ ಲೆಕ್ಕ. ಅಲ್ಲಿ ಆಗುವುದು ಇಲ್ಲಿ ಯಾಕಾಗಲ್ಲ?

2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಕಾರ್ಯಕ್ರಮ ತಂದಾಗ ನಮ್ಮ ರಾಜ್ಯದಿಂದ ಪಟ್ಟಿಗೆ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಳತೆ ಇದ್ದ ಊರಿನ ಸಮಸ್ಯೆ ಕಾಗದಕ್ಕೆ ಬಂತು. ಅಳತೆಯೇ ಇಲ್ಲದ ಊರಿಗೆ ಅನುದಾನ ಕೇಳೋದು ಹೇಗೆ? ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಪಟ್ಟಣ ಇದರಲ್ಲಿ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲದಿರೋದು ಯಾರಿಗೆ ಅನುಕೂಲ, ಯೋಚಿಸಿ.

ದಿನವಿಡೀ ಅಲ್ಲೇ ಕೂರುವ ಹೂವಿನ ಅಕ್ಕ, ಆಟೋ ಓಡಿಸುವ ಅಣ್ಣ ನಮ್ಮೂರಿನವರೇ. ಬಸ್ಸಿಗೆ ಕಾಯುವ ಮಕ್ಕಳೂ ನಮ್ಮವರೇ.

ಹಾಗಾಗಿ ಪುರಸಭೆ, ನಗರಸಭೆಗೆ ನಾಲ್ಕು ಮಾತು ಬರೆದು ಕೊಡೋಣ. ಬಸ್‌ಸ್ಟ್ಯಾಂಡ್, ಮಾರುಕಟ್ಟೆ, ಹೆದ್ದಾರಿ ಬದಿಯ ಶಾಲೆ, ಕಸದ ಯಾರ್ಡ್ ಹತ್ತಿರ ಸೆನ್ಸರ್ ಹಾಕಿ. ಸರ್ಕಾರಿ ಯಂತ್ರದ ಜೊತೆ ತಾಳೆ ನೋಡಿ. ವರ್ಷವರ್ಷ ನಿರ್ವಹಣೆಗೆ ಹಣ ಇಡಿ, ಉದ್ಘಾಟನೆ ಆದಮೇಲೆ ಮರೆಯಬೇಡಿ. ದಿನದ ಅಂಕಿಯನ್ನು ಕನ್ನಡದಲ್ಲಿ, ಜನ ನಿಲ್ಲುವ ಜಾಗದಲ್ಲೇ ಬರೆದು ಹಾಕಿ.

ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋದು ಮರೀಬೇಡಿ. ಉತ್ತರ ಬರದಿದ್ದರೆ ಮುಂದಿನ ಪ್ರಶ್ನೆಗೆ ಅದೇ ದಾಖಲೆ.