ಕಾಣದ ಚೂರಿನ ಲೆಕ್ಕ

ಮುಚ್ಚಿದ ಗಂಟಿನಿಂದ ಏನನ್ನೋ ತೆಗೆದ ಮೇಲೆ ಅದು ಕಾಲು ಕಿಲೋಗ್ರಾಂ ಹಗುರವಾಯಿತೆನ್ನೋಣ. ತೆಗೆದದ್ದು ಅಕ್ಕಿಯೋ ಬೇಳೆಯೋ ಎಂಬುದನ್ನು ತಕ್ಕಡಿ ಹೇಳಲಾರದು.

ದ್ರವ್ಯರಾಶಿ ರೋಹಿತಮಾಪಕವೂ ಒಂದು ಬಗೆಯ ತಕ್ಕಡಿಯೇ. ಅಣುಗಳನ್ನು ಅಯಾನುಗಳನ್ನಾಗಿ ಮಾಡಿ, ಒಡೆದು, ಚೂರುಗಳನ್ನು ಅವುಗಳ ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ನಿಷ್ಪತ್ತಿಗೆ ಅನುಸಾರವಾಗಿ ಅದು ಬೇರ್ಪಡಿಸುತ್ತದೆ. ವಿದ್ಯುದಂಶವಿಲ್ಲದ ಚೂರು ಮಾತ್ರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಶಿಖರಗಳ ಅಂತರದಿಂದ ಅದನ್ನು ಊಹಿಸಬೇಕು. ಇಂದು ಗಣಕದ ತಂತ್ರಾಂಶವು ಈ ಊಹೆಯನ್ನು ಕ್ಷಣಾರ್ಧದಲ್ಲಿ ಮಾಡಿ, ಅಂತರ 18 ಇದ್ದರೆ ನೀರು, 17 ಇದ್ದರೆ ಅಮೋನಿಯ ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನೇ ತೀರ್ಪೆಂದು ಬಗೆಯುವುದು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯ.

ಕಾರಣಗಳು ಮೂರು. ಮೊದಲನೆಯದಾಗಿ, 28 ಎಂಬ ಅಂತರವನ್ನು ನೋಡಿರಿ. ಕಾರ್ಬನ್ ಮಾನಾಕ್ಸೈಡ್ 27.9949, ನೈಟ್ರೋಜನ್ 28.0061, ಎಥಿಲೀನ್ 28.0313. ಪೂರ್ಣಾಂಕವನ್ನು ಮಾತ್ರ ಗುರುತಿಸುವ ಉಪಕರಣಕ್ಕೆ ಈ ಮೂರೂ ಒಂದೇ. ಎರಡನೆಯದಾಗಿ, ಅಯಾನಿನಲ್ಲಿ ಎರಡು ಮೂಲ ವಿದ್ಯುದಂಶಗಳಿದ್ದು, ಚೂರು ಹೋದ ಮೇಲೂ ಅವು ಉಳಿದರೆ, ನೀರು ಕಳೆದಾಗ ಕಾಣುವ ಅಂತರ 18 ಅಲ್ಲ, 9. ಮೂರನೆಯದು ಇನ್ನೂ ಮುಖ್ಯವಾದುದು. ಎರಡು ಶಿಖರಗಳ ನಡುವೆ 18ರ ಅಂತರವಿದ್ದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತೆಂದು ಸಿದ್ಧವಾಗದು. ಎರಡೂ ಬೇರೆ ಬೇರೆ ದಾರಿಗಳಲ್ಲಿ ಬಂದಿರಬಹುದು. ದೊಡ್ಡ ಅಯಾನನ್ನು ಪ್ರತ್ಯೇಕಿಸಿ, ಮತ್ತೆ ಒಡೆದು ನೋಡಿದಾಗಲೇ ಸಂದೇಹ ಪರಿಹಾರವಾಗುವುದು.

ಇದು ಬರಿಯ ದಶಾಂಶಗಳ ಜಗಳವಲ್ಲ. ಪ್ರೋಟೀನೊಂದಕ್ಕೆ ಫಾಸ್ಫೇಟ್ ಗುಂಪು ಸೇರಿದರೆ ಹೆಚ್ಚುವ ದ್ರವ್ಯರಾಶಿ 79.9663; ಸಲ್ಫೇಟ್ ಗುಂಪು ಸೇರಿದರೆ 79.9568. ವ್ಯತ್ಯಾಸ 0.0095 ಮಾತ್ರ. ಆದರೆ ಜೀವಕೋಶದಲ್ಲಿ ಇವೆರಡರ ಕೆಲಸ ಬೇರೆ. ಇಲ್ಲಿ ಹೆಸರು ತಪ್ಪಿದರೆ, ಅದರ ಮೇಲೆ ಕಟ್ಟಿದ ತರ್ಕವೆಲ್ಲವೂ ತಪ್ಪುತ್ತದೆ.

ತಂತ್ರಾಂಶ ಬೇಡವೆಂದು ನಾನು ಹೇಳುತ್ತಿಲ್ಲ. ಒಂದೇ ಪ್ರಯೋಗದಲ್ಲಿ ಸಾವಿರಾರು ರೋಹಿತಗಳು ದೊರೆಯುವ ಈ ಕಾಲದಲ್ಲಿ ಅದಿಲ್ಲದೆ ಗತಿಯಿಲ್ಲ. 1965ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಡೆಂಡ್ರಲ್’ ಯೋಜನೆ ಈ ಮಾರ್ಗದ ಆದ್ಯರಲ್ಲಿ ಒಂದು. ರಸಾಯನಜ್ಞರು ಅನುಭವದಿಂದ ಕಂಡುಕೊಂಡ ನಿಯಮಗಳನ್ನೇ ಫೈಗನ್‌ಬಾಮ್, ಲೆಡರ್‌ಬರ್ಗ್, ಜೆರಾಸಿ ಮೊದಲಾದವರು ಗಣಕಕ್ಕೆ ಕಲಿಸಿದರು. ಯಂತ್ರದ ಜಾಣ್ಮೆಯ ಮೂಲಧನ ಮನುಷ್ಯನ ವಿವೇಚನೆಯೇ ಆಗಿತ್ತು.

ಆದುದರಿಂದ ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಯು ಮೊದಲು ಒಂದು ರೋಹಿತವನ್ನಾದರೂ ಕಾಗದ ಪೆನ್ಸಿಲುಗಳಿಂದ ಬಿಡಿಸಲಿ. ಬಳಿಕ ತಂತ್ರಾಂಶದ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಪ್ರತಿಯೊಂದು ಹೆಸರಿಗೂ ‘ಏಕೆ?’ ಎಂದು ಕೇಳಲಿ. ವ್ಯವಕಲನವನ್ನು ಯಂತ್ರ ಮಾಡಲಿ. ಸಾಕ್ಷ್ಯವನ್ನು ತೂಗುವ ಹೊಣೆ ನಮ್ಮದಾಗಿರಲಿ.